ಇನ್ನೂರ ಮೂರರ ಯಜಮಾನಿ

ನಮ್ಮ ದೊಡ್ಡಮ್ಮನಿಗೆ ಅತಿಥಿಯಾಗಿರಲು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ ಅನ್ನುತ್ತೇವಲ್ಲ, ಹಾಗೆ. ಮದುವೆಗೆ ಕರೆದರೆ ಬಡಿಸಲು ನಿಲ್ಲುತ್ತಾರೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೆ ವಾರ್ಡಿಗೆಲ್ಲ ಫ್ಲಾಸ್ಕಿನಿಂದ ಕಾಫಿ ಹಂಚುತ್ತಾರೆ. ಒಮ್ಮೆ ಗುಬ್ಬಿಯಿಂದ ತುಮಕೂರಿಗೆ ಬರುವಾಗ ನಿಟ್ಟೂರು ಕಡೆಯ ಹೆಂಗಸೊಬ್ಬರನ್ನು, "ಬನ್ನಿ, ಆರಾಮಾಗಿ ಕೂತ್ಕಳಿ, ಸಂಕೋಚ ಮಾಡ್ಕಬೇಡಿ" ಎಂದು ಪಕ್ಕದ ಸೀಟಿಗೆ ಬರಮಾಡಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಸ್ಸು ಸರ್ಕಾರದ್ದು!

ಇಂಥ ದೊಡ್ಡಮ್ಮ ತುಮಕೂರಿನ ಉಪ್ಪಾರಹಳ್ಳಿಯ ಒಂದು ಬುಟಿಕ್ ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಅಂದರೆ ದಿನಬಾಡಿಗೆಯ ಮನೆಯಲ್ಲಿ, ಇಪ್ಪತ್ತೊಂದು ದಿನ ಅತಿಥಿಯಾಗಿದ್ದರು. ಜೊತೆಗೆ ನಾನಿದ್ದೆ. ನನಗೆ ದಿನಚರಿ ಬರೆಯುವ ಅಭ್ಯಾಸ. ಬರೀ ಬರೆಯುವುದಲ್ಲ, ಸ್ಕೇಲಿನಿಂದ ಗೆರೆ ಎಳೆದು, ಕಾಲಂ ಮಾಡಿ, ವಾರದ ಕೊನೆಗೆ ಕೂಡಿಸಿ ಒಟ್ಟು ತೆಗೆಯುವ ಅಭ್ಯಾಸ. ಆದ್ದರಿಂದ ಈ ಪ್ರಬಂಧದ ಅಂಕಿಗಳಲ್ಲಿ ಉತ್ಪ್ರೇಕ್ಷೆ ಇಲ್ಲ. ಇದ್ದರೆ ಅದು ದೊಡ್ಡಮ್ಮನಲ್ಲೇ ಇದೆ.

ಅಲ್ಲಿಗೆ ಹೋಗಲು ಕಾರಣ ಅವರ ಬಲ ಮಂಡಿ. ಗುಬ್ಬಿಯ ಮನೆಯ ಮುಂದೆ ಹಾದುಹೋಗುತ್ತಿದ್ದ ಯಾರನ್ನೋ ಕಾಫಿಗೆ ಕರೆಯಲು ಓಡಿ, ಮೆಟ್ಟಿಲು ತಪ್ಪಿ, ಮಂಡಿಚಿಪ್ಪು ಬಿರುಕು ಬಿಟ್ಟಿತ್ತು. (ಕರೆಸಿಕೊಂಡವರು ಕಾಫಿ ಕುಡಿದೇ ಹೋದರಂತೆ.) ಆರು ವಾರದ ಪಟ್ಟಿ ಬಿಚ್ಚಿದಾಗ ಕಾಲು ಮರದ ಕೊರಡಾಗಿತ್ತು. ತುಮಕೂರಿನ ಬಟವಾಡಿಯ ಡಾಕ್ಟರು ದಿನವೂ ಬಂದು ವ್ಯಾಯಾಮ ಮಾಡಬೇಕೆಂದರು. ಮೂರು ವಾರದಲ್ಲಿ ಮಂಡಿ ನೂರು ಡಿಗ್ರಿ ಮಡಚಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಟ್ಟು ತಾವೇ ಮಡಚಬೇಕಾಗುತ್ತದೆ ಎಂದರು.

ಹಾವಿಗೂ ಹೆದರದ ದೊಡ್ಡಮ್ಮ ಈ ಮಾತಿಗೆ ಹೆದರಿದರು. "ನಂಗೆ ಎಚ್ರ ಇಲ್ದಾಗ ಇನ್ನೊಬ್ರು ನನ್ ಕಾಲು ಮಡಿಸೋದಾ?" ಎಂದು ಒಮ್ಮೆ ಕೇಳಿದವರು ಗುಬ್ಬಿ ತಲುಪುವವರೆಗೆ ಬಾಯಿ ಬಿಡಲಿಲ್ಲ. ನನ್ನ ದಿನಚರಿಯಲ್ಲಿ ಅಂಥ ದಾಖಲೆ ಅದೊಂದೇ.

ದಿನವೂ ಗುಬ್ಬಿಯಿಂದ ಓಡಾಡಲು ಆ ಕಾಲಿಗೆ ಆಗುತ್ತಿರಲಿಲ್ಲ. ತುಮಕೂರಿನಲ್ಲಿ ನೆಂಟರ ಮನೆಗಳು ನಾಲ್ಕಿವೆ. ನಾಲ್ಕನ್ನೂ ದೊಡ್ಡಮ್ಮ ತಳ್ಳಿಹಾಕಿದರು. ನೆಂಟರ ಮನೆಯಲ್ಲಿ ಕೂರಿಸಿ ಉಪಚಾರ ಮಾಡುತ್ತಾರಲ್ಲ, ಅದನ್ನು ಹೇಗೆ ಸಹಿಸುವುದು? ಕೊನೆಗೆ ದೊಡ್ಡಪ್ಪ ಉಪ್ಪಾರಹಳ್ಳಿಯ ಈ ಜಾಗ ಹುಡುಕಿದರು. ಬೀದಿಯ ಬಾಯಲ್ಲಿ ತಟ್ಟೆ ಇಡ್ಲಿಯ ಹಬೆ, ಹೊಲಿಗೆ ಯಂತ್ರವನ್ನು ಅರ್ಧ ರಸ್ತೆಗೆ ಇಟ್ಟುಕೊಂಡ ಟೈಲರ್, ಮೊಳ ಹಾಕುವ ಹೂವಿನವಳು, ನಡುವೆ ಥಳಥಳಿಸುವ ನಾಲ್ಕಂತಸ್ತು. ಕೆಳಗಿನ ಹಾಲಿನಲ್ಲಿ ಹಳ್ಳಿ ಮನೆಯ ಅಲಂಕಾರ: ಗೋಡೆಗೆ ಒನಕೆ, ಮೂಲೆಯಲ್ಲಿ ಕಡಗೋಲು, ಕಟ್ಟೆಯ ಮೇಲೊಂದು ಬೀಸುವ ಕಲ್ಲು, ಕಲ್ಲಿನ ಮೇಲೆ ಹಳದಿ ಲೈಟು. ನಮ್ಮದು ಎರಡನೇ ಮಹಡಿಯ ಇನ್ನೂರ ಮೂರು.

ಕಪ್ಪು ಶೂ, ಟೈ ಕಟ್ಟಿದ ಮ್ಯಾನೇಜರ್ ಬಂದು, "ವೆಲ್‌ಕಮ್ ಮೇಡಂ" ಎಂದರು. ದೊಡ್ಡಮ್ಮ ಯಾವೂರೆಂದು ಕೇಳಿದರು. ಕುಣಿಗಲ್ ಎಂದರು.

"ಹಂಗಾದ್ರೆ ನಮ್ ತವ್ರಿನ ಕಡೆಯೋನು ಕಣಪ್ಪ ನೀನು. ಇನ್ನು ಮೇಡಂ ಗೀಡಂ ಅನ್ಬೇಡ."

"ಸರಿ ಮೇಡಂ."

ಕುಣಿಗಲ್‌ನಲ್ಲಿ ದೊಡ್ಡಮ್ಮನಿಗೂ ನನ್ನ ಅಮ್ಮನಿಗೂ ಈಗ ಯಾರೂ ಇಲ್ಲ. ಅಣ್ಣತಮ್ಮಂದಿರಿರಲಿಲ್ಲ. ಅಜ್ಜಿ ಹೋದ ಮೇಲೆ ಮನೆ ಬೇರೆಯವರ ಕೈಸೇರಿತು. ಆದರೂ ಆ ಊರಿನ ಬೋರ್ಡಿರುವ ಬಸ್ಸು ಕಂಡರೆ ದೊಡ್ಡಮ್ಮ ಇಂದಿಗೂ ಒಳಗೆ ಯಾರಿದ್ದಾರೆಂದು ಇಣುಕುತ್ತಾರೆ.

ಮೊದಲ ದಿನವೇ ಮೊದಲ ಅನಾಹುತ. ಹೊಸ ಮನೆಗೆ ಕಾಲಿಟ್ಟರೆ ಹಾಲು ಉಕ್ಕಿಸಬೇಡವೇ? ಇಪ್ಪತ್ತೊಂದು ದಿನದ ಮನೆಯಾದರೇನು? ನನ್ನನ್ನು ಹಾಲಿಗೂ ಮಾತ್ರೆಗೂ ಕಳಿಸಿದರು. ಒಂದು ಗಂಟೆ ಇಪ್ಪತ್ತು ನಿಮಿಷದ ನಂತರ ಬಂದೆ. ದೊಡ್ಡಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡು ಕುಳಿತಿದ್ದರು. ಉಪ್ಪಾರಹಳ್ಳಿಯಲ್ಲಿ ಕರೆಂಟೇ ಇಲ್ಲ ಎಂದು ದೂರಿದರು. ಪಕ್ಕದ ಮನೆಯಲ್ಲಿ ಟಿವಿ ಭರ್ಜರಿಯಾಗಿ ಕೂಗುತ್ತಿತ್ತು. ನೋಡುತ್ತೇನೆ, ಬಾಗಿಲು ತೆರೆಯುವ, ಗೋಡೆಯ ಸೀಳಿನಲ್ಲಿದ್ದರೆ ಮಾತ್ರ ಕರೆಂಟು ಕೊಡುವ ಕಾರ್ಡು ದೇವರ ಫೋಟೋದ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಸೇವಂತಿಗೆ ಮುಡಿದು ಮಲಗಿದೆ!

"ಹೊಸ ಮನೆ ಬೀಗದ ಕೈನ ದೇವ್ರ ಮುಂದೆ ಇಡ್ದೆ ಗೋಡೆಗೆ ಸಿಗಿಸ್ತಾರೇನೇ?" ಎಂದರು ದೊಡ್ಡಮ್ಮ.

ಹಾಲು ಉಕ್ಕಿದ್ದು ಸಂಜೆ ಆರು ಹತ್ತಕ್ಕೆ. ಉಕ್ಕಿದ ಹಾಲು ಮೈಮೇಲೆ ಬಿದ್ದೊಡನೆ ಇಂಡಕ್ಷನ್ ಒಲೆ ಕೀ ಎಂದು ಕೂಗಿ ಕಣ್ಣು ಮುಚ್ಚಿತು. ಅದಕ್ಕೆ ಮತ್ತೆ ಜೀವ ಬಂದದ್ದು ಮರುದಿನ.

ಇನ್ನು ವ್ಯಾಯಾಮ. ಡಾಕ್ಟರ ಚೀಟಿಯಲ್ಲಿ ದಿನಕ್ಕೆ ನಲವತ್ತು ಸಲ ಕುರ್ಚಿಯಿಂದ ಎದ್ದು ಕೂರಬೇಕೆಂದಿತ್ತು. ದೊಡ್ಡಮ್ಮ ಚೀಟಿಯನ್ನು ಎರಡು ಸಲ ಓದಿಸಿ, "ಬಸ್ಕಿ ಹೊಡಿಯೋಕೆ ನಾನೇನು ತಪ್ಪು ಮಾಡಿದೀನೇ?" ಎಂದು ಮಡಚಿ ದಿಂಬಿನಡಿ ಇಟ್ಟರು. ಮೊದಲ ದಿನ ಮಂಡಿ ಮಡಚಿದ್ದು ಐವತ್ತೈದು ಡಿಗ್ರಿ. ಕೋನಮಾಪಕ ಇಟ್ಟು ನಾನೇ ಅಳೆದು, ಅದಕ್ಕೂ ಒಂದು ಕಾಲಂ ಎಳೆದೆ.

ಗುಬ್ಬಿಯಿಂದ ಬರುವಾಗ ದೊಡ್ಡಮ್ಮ ಒಂದಡಿ ಎತ್ತರದ ಮರದ ಸ್ಟೂಲೊಂದನ್ನು ತಂದಿದ್ದರು. ಕಾಳು ಸುಲಿಯುವಾಗ ಕೂರುವ ಸ್ಟೂಲು. ಈಗ ಅದರ ಮೇಲೆ ಅವರು ಕೂರುವಂತಿರಲಿಲ್ಲ. ಮತ್ತೇಕೆ ತಂದಿರಿ ಎಂದರೆ, "ಬಂದೋರಿಗೆ ಬೇಕಲ್ಲ" ಎಂದರು. ಯಾರು ಬರುತ್ತಾರೆ ಇಲ್ಲಿಗೆ?

ಬಂದರು! ಮೊದಲು ಬಂದವರು ಕೋಣೆ ಗುಡಿಸುವ ರತ್ನಮ್ಮ. ಅಷ್ಟರಲ್ಲಿ ದೊಡ್ಡಮ್ಮ ಕುಂಟುತ್ತಲೇ ಮನೆಯನ್ನೆಲ್ಲ ಗುಡಿಸಿ, ಹಾಸಿಗೆ ಸರಿಮಾಡಿ ಮುಗಿಸಿದ್ದರು. ಮಾಡಲು ಕೆಲಸವಿಲ್ಲದ ರತ್ನಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಮುಂದೆ ಅವರೆಕಾಯಿ ಸುರಿದರು. ಬಾಗಿಲಿಗೆ ನೇತುಹಾಕುವ ರಟ್ಟಿನಲ್ಲಿ ಒಂದು ಬದಿ 'ತೊಂದರೆ ಕೊಡಬೇಡಿ', ಇನ್ನೊಂದು ಬದಿ 'ಒಳಗೆ ಬನ್ನಿ' ಎಂದಿತ್ತು. ಮೊದಲ ಬದಿಯ ಮೇಲೆ ದೊಡ್ಡಮ್ಮ ಕ್ಯಾಲೆಂಡರಿನ ಹಾಳೆ ಅಂಟಿಸಿದರು. ಬಂದವರ ಮನಸ್ಸಿಗೆ ಹೇಗಾಗಬೇಡ ಎಂದು ಅವರ ವಾದ. ಹೂವಿನವಳು ಬಂದಳು, ಟೈಲರನ ಹೆಂಡತಿ ಬಂದಳು, ಫ್ಯಾಕ್ಟರಿ ಕೆಲಸಕ್ಕೆ ಬಂದು ಮೇಲಿನ ಮಹಡಿಯಲ್ಲಿದ್ದ ಪುಣೆಯ ಎಂಜಿನಿಯರ್ ದಂಪತಿ ಭಾಷೆ ಬಾರದೆಯೂ ಬಂದರು. ಅವರೆಕಾಳು ಹಿತುಕಲು ಭಾಷೆ ಯಾಕೆ? ಹನ್ನೊಂದು ದಿನಕ್ಕೆ ನಲವತ್ತಾರು ಜನ. ಪ್ರತಿಯೊಬ್ಬರಿಗೂ ಕಾಫಿ, ಹೆಂಗಸರಾದರೆ ಕುಂಕುಮ. ನಾನು ಕಾಲಂ ಎಳೆದು ಬರೆದುಕೊಂಡೆ.

ಹನ್ನೊಂದನೆಯ ದಿನ ಬಟವಾಡಿಯಿಂದ ಬರುವಾಗ ದೊಡ್ಡಮ್ಮ ಹುರಿದ ರಾಗಿ ಹಿಡಿದು ಬಂದರು. ಕೆಳಗಿನ ಹಾಲಿನ ಸೋಫಾದಲ್ಲಿ ಕುಳಿತು ಅಪ್ಪಣೆ ಕೊಟ್ಟರು. ಹಳದಿ ಲೈಟಿನ ಕೆಳಗೆ ರತ್ನಮ್ಮ ಬೀಸುವ ಕಲ್ಲು ತಿರುಗಿಸಿದರು, ಆಮೇಲೆ ಎಂಜಿನಿಯರ್ ತಿರುಗಿಸಿದರು, ಆಮೇಲೆ ಸರದಿ ಸಾಲು ನಿಂತಿತು. ಮ್ಯಾನೇಜರ್ ಓಡಿ ಬರುವಷ್ಟರಲ್ಲಿ ಅವರ ಕಪ್ಪು ಶೂ ಮೇಲೆ ಹುರಿಹಿಟ್ಟು ಕುಳಿತಾಗಿತ್ತು.

"ಮೇಡಂ, ಅದು ಶೋಗೆ ಇಟ್ಟಿರೋದು."

"ಬೀಸೋ ಕಲ್ಲಿಗೆ ಲೈಟ್ ಬಿಟ್ಟಿದೀಯಲ್ಲಪ್ಪ, ಎರಡು ಹಿಡಿ ರಾಗಿ ಬಿಟ್ರೆ ಏನಾಯ್ತದೆ? ತಡಿ, ಬೆಲ್ಲ ಹಾಕಿ ಕಲಸ್ಕೊಡ್ತೀನಿ."

ಅವರು ಹಿಟ್ಟನ್ನು ತಿಂದರು, ಅದು ಬೇರೆ ಮಾತು. ಆದರೆ ಮಾಲೀಕರು ಕ್ಯಾಮೆರಾದಲ್ಲಿ ಎಲ್ಲ ನೋಡಿದ್ದರಂತೆ. ಇದು ಛತ್ರವಲ್ಲ, ನಾಳೆಯಿಂದ ಇನ್ನೂರ ಮೂರಕ್ಕೆ ಹೊರಗಿನವರು ಯಾರೂ ಹತ್ತುವಂತಿಲ್ಲ, ಹತ್ತಿದರೆ ಮನೆ ಖಾಲಿ ಮಾಡಿಸಬೇಕು ಎಂದು ಹುಕುಂ ಆಗಿತ್ತು. ರತ್ನಮ್ಮನಿಗೂ ಹತ್ತೇ ನಿಮಿಷ.

ಮೂರು ದಿನ ಬಾಗಿಲು ತೆರೆದೇ ಇತ್ತು. ರತ್ನಮ್ಮ ಗುಡಿಸಿ ಓಡಿದರು, ಪುಣೆಯ ದಂಪತಿಯೂ ಅಂಜಿ ಇಳಿಯಲಿಲ್ಲ, ಕೂರಲು ಯಾರೂ ಬರಲಿಲ್ಲ. ದೊಡ್ಡಮ್ಮ ಸೋಫಾದಿಂದ ಏಳಲಿಲ್ಲ. ಸ್ಟೂಲು ಗೋಡೆಗೆ ಒರಗಿ ನಿಂತಿತು. ಮಂಡಿಯ ಕಾಲಂ ನೋಡಿದೆ: ಎಂಬತ್ತೆರಡು, ಎಂಬತ್ತೊಂದು, ಎಂಬತ್ತು. ಪಕ್ಕದ ಕಾಲಂ ನೋಡಿದೆ: ಸೊನ್ನೆ, ಸೊನ್ನೆ, ಸೊನ್ನೆ. ಹಿಂದಿನ ಪುಟ ತಿರುವಿದೆ. ಏಳು ಜನ ಬಂದ ದಿನ ನಾಲ್ಕು ಡಿಗ್ರಿ ಏರಿಕೆ, ಇಬ್ಬರು ಬಂದ ದಿನ ಒಂದು. ಆಗ ಹೊಳೆಯಿತು. ಬಂದ ಪ್ರತಿಯೊಬ್ಬರಿಗೂ ದೊಡ್ಡಮ್ಮ ನಾಲ್ಕು ಸಲವಾದರೂ ಏಳುತ್ತಾರೆ: ಬನ್ನಿ ಎನ್ನಲು, ಕಾಫಿಗೆ, ಕುಂಕುಮಕ್ಕೆ, ಬಾಗಿಲವರೆಗೆ ಕಳಿಸಿಕೊಡಲು. ಬೇಡವೆಂದ ಬಸ್ಕಿಯನ್ನು ಅವರಿಗೆ ಗೊತ್ತಿಲ್ಲದೆ ನಲವತ್ತಾರು ಜನ ಹೊಡೆಸಿದ್ದರು!

ದಿನಚರಿ ಹಿಡಿದು ಕೆಳಗಿಳಿದೆ. ನನ್ನ ದಿನಚರಿಯನ್ನು ಇನ್ನೊಬ್ಬರಿಗೆ ತೋರಿಸಿದ್ದು ಜೀವನದಲ್ಲಿ ಅದೇ ಮೊದಲು. ಮ್ಯಾನೇಜರ್ ಎರಡೂ ಕಾಲಂ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ನೂರು ಮುಟ್ಟದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಹೇಳಿದೆ. ಪುಸ್ತಕ ಮುಚ್ಚಿ ಕೊಟ್ಟರು.

ಮರುದಿನ ಬೆಳಗ್ಗೆ ಬಾಗಿಲ ಬಳಿ ಕೆಮ್ಮು. ಕೈಯಲ್ಲಿ ಚೀಲ ಹಿಡಿದು ಮ್ಯಾನೇಜರ್ ನಿಂತಿದ್ದರು. "ಸೊಗಡವರೆ ಅಮ್ಮಾ, ಊರಿಂದ ಬಂತು. ಸ್ಟಾಫು ಹೊರಗಿನೋರಲ್ಲ ಅಂತ ಮಾಲೀಕ್ರಿಗೆ ಹೇಳಿದೀನಿ. ಒಬ್ಬೊಬ್ರೇ ಬರ್ತಾರೆ." ಮೇಡಂ ಹೋಗಿ ಅಮ್ಮ ಆಗಿದ್ದನ್ನು ನಾನು ಗುರುತು ಹಾಕಿಕೊಂಡೆ. ದೊಡ್ಡಮ್ಮ ಸೋಫಾದಿಂದ ಎದ್ದಾಗಿತ್ತು.

ಇಪ್ಪತ್ತನೆಯ ದಿನಕ್ಕೆ ತೊಂಬತ್ತಾರು. ಇನ್ನೂ ನಾಲ್ಕು ಬಾಕಿ.

ಇಪ್ಪತ್ತೊಂದನೆಯ ದಿನ ಹನ್ನೊಂದಕ್ಕೆ ಮನೆ ಬಿಡಬೇಕು, ಹನ್ನೆರಡಕ್ಕೆ ಡಾಕ್ಟರು ಅಳೆಯಬೇಕು. ದೊಡ್ಡಮ್ಮ ತಟ್ಟೆ ಇಡ್ಲಿ ಮುಟ್ಟಲಿಲ್ಲ. ಮ್ಯಾನೇಜರ್ ಸಾಮಾನಿನ ಪಟ್ಟಿ ಹಿಡಿದು ಬಂದು ಲೋಟ, ತಟ್ಟೆ, ಚಮಚ ಎಣಿಸಿ ಗುರುತು ಹಾಕಿಕೊಂಡರು. ಎಲ್ಲ ಸರಿಯಿತ್ತು. ಚೀಲ ಎತ್ತಲು ಬಗ್ಗಿದೆ. ಆಗ ರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಹಸಿರು ರವಿಕೆ ಕಣ.

"ಬರಿ ಮಡ್ಲಲ್ಲಿ ಕಳ್ಸಕಾಗಲ್ಲ ಕಣಕ್ಕಾ" ಎಂದರು ಮ್ಯಾನೇಜರ್, ಟೈ ಸರಿಮಾಡಿಕೊಳ್ಳುತ್ತ. "ಕುಣಿಗಲ್‌ನೋನು ನಾನಿದೀನಿ. ಕೂತ್ಕ."

ದೊಡ್ಡಮ್ಮ ಸುತ್ತ ನೋಡಿದರು. ಸೋಫಾ ಇತ್ತು, ಕುರ್ಚಿ ಇತ್ತು. ಮಡಿಲಕ್ಕಿ ತುಂಬಿಸಿಕೊಳ್ಳಲು ಯಾರಾದರೂ ಸೋಫಾದಲ್ಲಿ ಕೂರುತ್ತಾರೆಯೇ? ಕಾಲಿನಿಂದಲೇ ಆ ಸ್ಟೂಲನ್ನು ಎಳೆದುಕೊಂಡರು. ನನ್ನ ಹೆಗಲು ಹಿಡಿದರು. ಇಳಿದರು, ಇನ್ನೂ ಇಳಿದರು, ಒಂದಡಿಯ ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಮೂರು ವಾರ ಬಂದವರನ್ನೆಲ್ಲ ಕೂರಿಸಿದ ಜಾಗದಲ್ಲಿ, ಮೊದಲ ಸಲ, ಅತಿಥಿಯಾಗಿ. ಸೆರಗು ಒಡ್ಡಿದರು. ರತ್ನಮ್ಮ ಕುಂಕುಮವಿಟ್ಟು ಅಕ್ಕಿ ತುಂಬಿದರು.

ಅಂದು ಬಟವಾಡಿಯಲ್ಲಿ ಡಾಕ್ಟರು ಅಳೆದದ್ದು ನೂರ ನಾಲ್ಕು. ಅದು ಕಾಲಂನಲ್ಲಿದೆ. ಸ್ಟೂಲಿನ ಮೇಲೆ ಎಷ್ಟಿತ್ತೋ ಗೊತ್ತಿಲ್ಲ. ಕೋನಮಾಪಕ ನನ್ನ ಚೀಲದಲ್ಲೇ ಇತ್ತು, ತೆಗೆಯುವುದು ಮರೆತೆ.

ಸ್ಟೂಲಿನಿಂದ ಎದ್ದ ದೊಡ್ಡಮ್ಮ ಇನ್ನೂರ ಮೂರರ ಅಡುಗೆಮನೆಗೆ ಹೋದರು. ತವರಿನಿಂದ ಹೊರಡುವ ಮಗಳು ಮಾಡುವಂತೆ ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅಲ್ಲಿದ್ದ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. "ತವ್ರು ತುಂಬಿರ್ಲಿ" ಎಂದರು, ನಮಗಲ್ಲ, ಡಬ್ಬಿಗೆ.

ಮ್ಯಾನೇಜರ್ ಜೇಬಿನಿಂದ ಪೆನ್ನು ತೆಗೆದರು. ಇನ್ನೂರ ಮೂರರ ಸಾಮಾನಿನ ಪಟ್ಟಿಯಲ್ಲಿ, ಚಮಚ ಆರು, ಲೋಟ ನಾಲ್ಕು ಎಂದಿದ್ದ ಸಾಲುಗಳ ಕೆಳಗೆ ಬರೆದುಕೊಂಡರು: ಅಕ್ಕಿ, ಒಂದು ಹಿಡಿ.