ನನ್ನ ಗಿಟಾರಿನ ಗಂಟಲು ತಿದ್ದಿದ ರೆಸಿಸ್ಟರ್ ಮಹಾಶಯರಿಗೆ

ಪಾರ್ವತಿನಗರ, ಬಳ್ಳಾರಿ

ಮಾನ್ಯರೇ,

ಒಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಬಿಟ್ಟಿದ್ದರೆ ನನ್ನ ದೂರು ಇನ್ನಷ್ಟು ನ್ಯಾಯವಾಗಿ ಕಾಣುತ್ತಿತ್ತು. ತಾವು ನಮ್ಮ ಆಂಪ್ಲಿಫೈಯರಿನೊಳಗೆ ಬಂದು ನೆಲೆಸಿದ ಮೊದಲ ಸಂಜೆ ಗಿಟಾರಿನ ದನಿ ಕೇಳಿ ನನಗೂ ಸಂತೋಷವಾಗಿತ್ತು. ಎಷ್ಟು ಶುದ್ಧವಾಗಿದೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಿದವಳೂ ನಾನೇ. ಹಾಗೆ ಹೇಳಿದವಳಿಗೆ ತಮ್ಮ ವಿರುದ್ಧ ಇಷ್ಟುದ್ದ ಬರೆಯುವ ಹಕ್ಕು ಎಷ್ಟಿದೆ ಎಂಬುದು ನನಗೇ ಸ್ಪಷ್ಟವಿಲ್ಲ. ಆದರೂ ಬರೆಯುತ್ತಿದ್ದೇನೆ.

ಇಲ್ಲಿ ನಾವೆಲ್ಲರೂ ಕ್ಷೇಮ. ಆಂಪ್ಲಿಫೈಯರಿನ ಮೂರು ಗಾಜಿನ ವಾಲ್ವುಗಳ ಬಿಸಿ, ಅದರ ಮೇಲೆ ಬಳ್ಳಾರಿಯ ಮೇ ತಿಂಗಳ ಬಿಸಿ, ಇವೆರಡರ ನಡುವೆ ತಾವು ಹೇಗಿದ್ದೀರೋ ಎಂಬ ಚಿಂತೆ ಮಾತ್ರ ಇದೆ. ಕಾಳುಮೆಣಸಿಗಿಂತ ತುಸು ಉದ್ದನೆಯ ಮೈ, ಅದರ ಮೇಲೆ ಕೆಂಪು, ನೇರಳೆ, ಕಿತ್ತಳೆ ಬಣ್ಣದ ಮೂರು ಪಟ್ಟೆ, ಅಂಚಿಗೆ ಜರಿಯಂಥ ಬೆಳ್ಳಿಗೆರೆ. ವಿಭೂತಿ ಧರಿಸಿ ಪಂಚಾಯ್ತಿಗೆ ಕೂತ ಹಿರಿಯರಂತೆ ಕಾಣುವ ತಮ್ಮನ್ನು ಏಕವಚನದಲ್ಲಿ ಕರೆಯಲು ಮನಸ್ಸು ಬರಲಿಲ್ಲ. ಮನೆಯ ವಿಳಾಸಕ್ಕೆ ಬರೆದರೆ ಅಂಚೆಯವನು ಪತ್ರವನ್ನು ತಂದು ನನ್ನ ಕೈಗೇ ಕೊಡುತ್ತಾನಾದ್ದರಿಂದ, ವಾರಪತ್ರಿಕೆಯ ಸಂಪಾದಕರ ಮೂಲಕ ತಮ್ಮನ್ನು ತಲುಪುವ ದಾರಿ ಹಿಡಿದಿದ್ದೇನೆ. ಮೊದಲು ಹೊಗಳಿ ಆಮೇಲೆ ದೂರಬೇಕೆಂದು ನಮ್ಮ ಕಾನ್ವೆಂಟಿನಲ್ಲಿ ಪತ್ರ ಬರೆಯುವುದನ್ನು ಕಲಿಸುವಾಗ ಹೇಳಿಕೊಟ್ಟಿದ್ದರು. ಹೊಗಳಿಕೆ ಮುಗಿಯಿತೆಂದು ತಿಳಿಯಬೇಕು.

ತಾವು ಬರುವ ಮುಂಚಿನ ಸಂಗತಿ ತಮಗೆ ತಿಳಿದಿರಲಾರದು. ನಾನು ನುಡಿಸುವುದು ಹವಾಯಿಯನ್ ಗಿಟಾರು, ಮಡಿಲ ಮೇಲೆ ಮಲಗಿಸಿಕೊಂಡು ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುವಂಥದ್ದು. ಅದಕ್ಕಾಗಿ ಬ್ರೂಸ್‌ಪೇಟೆಯ ರೇಡಿಯೋ ಮೆಕ್ಯಾನಿಕ್ ಎರ್ರಿಸ್ವಾಮಿ ಒಂದು ಹಳೆಯ ರೇಡಿಯೋದ ಹೊಟ್ಟೆ ಬಗೆದು ಈ ಪುಟ್ಟ ಆಂಪ್ಲಿಫೈಯರನ್ನು ಕಟ್ಟಿಕೊಟ್ಟ. ಮೆಲ್ಲಗೆ ನುಡಿಸಿದರೆ ಅದು ಒಳ್ಳೆಯ ಮನೆತನದ ಸೊಸೆಯಂತೆ ಹಾಡುತ್ತಿತ್ತು. ತಂತಿಯನ್ನು ಜೋರಾಗಿ ಮೀಟಿದರೆ ಗಂಟಲು ಒಡೆದು ಗದರುತ್ತಿತ್ತು. ಆ ಗದರಿಕೆಯನ್ನು ನಾನು ಬಯಸಿ ಮಾಡಿಸಿದ್ದಲ್ಲ, ಆದರೆ ಬಂದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಸಿರುಗುಪ್ಪದ ಒಂದು ಮದುವೆಯಲ್ಲಿ ಮುಂದೆ ಕೂತಿದ್ದ ಊರಮ್ಮ ಎಂಬ ಮುದುಕಿ ನನ್ನ ಕೈ ಹಿಡಿದು, "ಯವ್ವಾ, ನಿನ್ನ ಪೆಟ್ಟಿಗಿ ಹೊಟ್ಟಿಯಾಗಿಂದ ಕೂಗತೈತಿ" ಎಂದಳು. ನನ್ನ ನಲವತ್ತಮೂರು ವರ್ಷಗಳಲ್ಲಿ ನನ್ನದೆಂಬ ಯಾವ ವಸ್ತುವಿನ ಬಗ್ಗೆಯೂ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ತೊಂದರೆ ಹುಟ್ಟಿದ್ದು ಗಿಟಾರಿನಿಂದಲ್ಲ, ಮುಯ್ಯಿಯಿಂದ. ನಮ್ಮ ಕಡೆ ಮದುವೆಯಲ್ಲಿ ಬಂಧುಗಳು ಕೊಡುವ ಉಡುಗೊರೆಯನ್ನು, ಅಂದರೆ ಮುಯ್ಯಿಯನ್ನು, ಮೈಕಿನಲ್ಲಿ ಕೂಗಿ ಓದುವುದು ಪದ್ಧತಿ. ಯಾರು, ಯಾವ ಊರಿನವರು, ಏನು ಕೊಟ್ಟರು ಎಂದು ಚಪ್ಪರವೆಲ್ಲ ಕೇಳಬೇಕು. ಆಂಪ್ಲಿಫೈಯರಿಗೆ ಮೈಕು ಸಿಕ್ಕಿಸಲು ಒಂದು ತೂತು ಇದ್ದದ್ದರಿಂದ, ನನ್ನ ವಾದನ ಮುಗಿದ ಕೂಡಲೇ ನನ್ನ ಯಜಮಾನರ ಅಣ್ಣ ಚಿದಾನಂದಪ್ಪನವರು, ಅಂದರೆ ನಮ್ಮ ಭಾವನವರು, ಬಂದು ಮೈಕು ಸಿಕ್ಕಿಸಿ ಮುಯ್ಯಿ ಓದುತ್ತಿದ್ದರು. ಅವರ ದನಿಯೂ ಅದರೊಳಗೆ ಗರಗರನೆ ಒಡೆಯುತ್ತಿತ್ತು. ಕೊಟ್ಟವರ ಹೆಸರು ನೆಟ್ಟಗೆ ಕೇಳುವುದಿಲ್ಲವೆಂದು ನಾಲ್ಕು ಜನ ಗೊಣಗಿದ ಮೇಲೆ, ನಾನು ಸಿರುಗುಪ್ಪದ ತವರಿಗೆ ಹೋಗಿದ್ದ ಸಮಯ ನೋಡಿ, ಭಾವನವರು ನನ್ನ ಪೆಟ್ಟಿಗೆಯನ್ನು ಎರ್ರಿಸ್ವಾಮಿಯ ಅಂಗಡಿಗೆ ಹೊತ್ತೊಯ್ದರು. ಮರಳಿ ಬಂದಾಗ ಪೆಟ್ಟಿಗೆ ಇದ್ದಲ್ಲೇ ಇತ್ತು. ಒಳಗೆ ತಾವಿದ್ದಿರಿ.

ತಮ್ಮ ಕೆಲಸವೇನೆಂದು ಎರ್ರಿಸ್ವಾಮಿಯನ್ನು ಕೇಳಿ ತಿಳಿದುಕೊಂಡೆ. ಸ್ಪೀಕರಿಗೆ ಹೊರಟ ಸದ್ದಿನಿಂದ ಒಂದು ಚಿಟಿಕೆಯನ್ನು ತಾವು ಹಿಂದಕ್ಕೆ ತಂದು, ಒಳಗೆ ಬರುವ ಸದ್ದಿಗೆ ಎದುರಾಗಿ ನಿಲ್ಲಿಸುತ್ತೀರಿ. ಒಳಬಂದ ಸದ್ದಿನಲ್ಲಿ ಇಲ್ಲದೆ ದಾರಿಯಲ್ಲಿ ಸೇರಿಕೊಂಡದ್ದೆಲ್ಲ ಹಾಗೆ ಬಹುಪಾಲು ಅಳಿಯುತ್ತದೆ, ಜೊತೆಗೆ ಒಟ್ಟು ಜೋರೂ ತಗ್ಗುತ್ತದೆ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರಂತೆ. ಮೊದಲು ಅವನು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದ್ದರಿಂದ, ತಾವು ತಡೆಯುವ ಬದಲು ಹುರಿದುಂಬಿಸಲು ನಿಂತಿರಂತೆ, ಪಕ್ಕದ ಹೋಟೆಲಿನವರು ಓಡಿಬರುವಂತೆ ಪೆಟ್ಟಿಗೆ ಕಿರುಚಿತಂತೆ. ಸರಿಪಡಿಸಿದ ಮೇಲೆ ತಾವು ತೋರಿದ ಶಿಸ್ತನ್ನು ಅವನು ಈಗಲೂ ಹೊಗಳುತ್ತಾನೆ.

ಅಂಥ ಶಿಸ್ತಿಗೆ ನನ್ನ ಗಿಟಾರಿನಷ್ಟು ಸಣ್ಣ ಕೆಲಸ ಕೊಟ್ಟದ್ದು ಅನ್ಯಾಯವೆಂದೇ ನನ್ನ ಭಾವನೆ. ಎಲೆಕ್ಷನ್ ಜೀಪಿನ ಮೇಲಿನ ಹಾರ್ನಿಗೂ ಅಭ್ಯರ್ಥಿಯ ಬಾಯಿಗೂ ನಡುವೆ ತಾವು ಒಂದು ದಿನ ಕೂರಬೇಕೆಂದು ಕೋರುತ್ತೇನೆ. ಸನ್ಮಾನ ಸಭೆಗಳ ಅಧ್ಯಕ್ಷರ ಭಾಷಣಕ್ಕೂ, ಹೆಣ್ಣು ನೋಡಲು ಬಂದಾಗ ಹುಡುಗನ ಸಂಬಳ ಹೇಳುವ ಸೋದರಮಾವಂದಿರಿಗೂ ತಮ್ಮ ಬಂಧುಬಳಗದವರನ್ನು ಒಬ್ಬೊಬ್ಬರಂತೆ ನೇಮಿಸಲು ಸಾಧ್ಯವೇ ತಿಳಿಸಬೇಕು. ಸದ್ದೇ ಇಲ್ಲದಂತಾಗುವ ಅಪಾಯವಿದೆ, ನಿಜ. ನಾವು ಸಹಿಸಿಕೊಳ್ಳುತ್ತೇವೆ.

ಇನ್ನು ನನ್ನ ಗಿಟಾರಿನ ವಿಷಯ. ಕಳೆದ ತಿಂಗಳು ಸಿರುಗುಪ್ಪದ ಮತ್ತೊಂದು ಮದುವೆಯಲ್ಲಿ ತಮ್ಮನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡೇ ನುಡಿಸಿದೆ. ಜನ ಭಾಳ ನೀಟ್ ಐತಿ ಎಂದು ಹೇಳಿ ಊಟದ ಪಂಕ್ತಿಯತ್ತ ಎದ್ದರು. ನನ್ನ ಕೈ ಕೆಲವು ಸ್ವರಗಳಲ್ಲಿ ಒಂದು ಕೂದಲೆಳೆ ಕೆಳಗೆ ನಿಲ್ಲುತ್ತದೆ ಎಂಬುದು ಅವತ್ತು ನನಗೆ ಮೊದಲ ಸಲ ಕೇಳಿಸಿತು. ಇದನ್ನೂ ದೂರಿನಲ್ಲಿ ಸೇರಿಸುವುದೋ ಕೃತಜ್ಞತೆಯಲ್ಲಿ ಸೇರಿಸುವುದೋ ತಿಳಿಯದೆ ಇಲ್ಲಿ ನಡುವೆ ಇಟ್ಟಿದ್ದೇನೆ.

ತಾವು ನಿಜವಾಗಿ ಹೆಸರು ಮಾಡಿದ್ದು ಆಮೇಲೆ, ಮುಯ್ಯಿ ಓದುವಾಗ. ತೆಕ್ಕಲಕೋಟೆಯ ಚನ್ನವೀರಮ್ಮ, ದೂರದ ಸಂಬಂಧದಲ್ಲಿ ನನಗೆ ಅತ್ತೆ, ತಾಮ್ರದ ಹಂಡೆ ಕೊಡುತ್ತಿರುವುದಾಗಿ ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವರ ಹೆಸರಿನ ಹಿಂದೆಯೇ ಅರ್ಧ ಡಜನ್ ಸ್ಟೀಲ್ ಲೋಟಗಳು ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಹೊರಬಂದವು. ಅವರು ಊಟ ಮಾಡದೆ ಎದ್ದರು. ಆಮೇಲೆ ಭಾವನವರು ಸ್ವಂತ ಉಡುಗೊರೆಯನ್ನು, ಅವರ ರೂಢಿಯಂತೆ ಸ್ವಲ್ಪ ತಗ್ಗಿಸಿದ ದನಿಯಲ್ಲಿ, ಕಂಪನಿಯ ಹೆಸರಿನ ಸಮೇತ ಓದಿದರು: ಲೋಲಕದ ಗೋಡೆ ಗಡಿಯಾರ. ತಾವು ಅದರ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ರೂಪನಗುಡಿಯ ಕೊಟ್ರಮ್ಮ ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ ಕೇಳಿದರು: "ಚಿದಾನಂದಪ್ಪಾರ, ನಿಮ್ಮ ಮಗನ ಮದಿವ್ಯಾಗ ನಾವು ಓದಿಸಿದ್ದು ಅದ ಅಲ್ಲೇನ್ರಿ?"

ಚಪ್ಪರ ನಕ್ಕದ್ದನ್ನು ಮೈಕು ಹಿಡಿದು ಮತ್ತೊಮ್ಮೆ ಚಪ್ಪರಕ್ಕೇ ಕೇಳಿಸಿತು. ಅದೂ ಶುದ್ಧವಾಗಿತ್ತು.

ಅಲ್ಲಿಯವರೆಗೆ ತಮ್ಮನ್ನು ಬಿಡಿಸಿಕೊಡಿರೆಂದು ನಾನು ಎಷ್ಟು ಸಲ ಕೇಳಿದರೂ ಭಾವನವರು, ಹೆಣ್ಣುಮಕ್ಕಳ ವಾದ್ಯಕ್ಕೆ ಗದರುವ ದನಿ ಯಾಕೆಂದು ನಕ್ಕು ಕಳಿಸುತ್ತಿದ್ದರು. ಮೊನ್ನೆ ಅವರಾಗಿಯೇ ನಮ್ಮ ಮನೆಗೆ ಬಂದು, ಚಹಾ ಮುಗಿಸಿ, "ದಾಕ್ಷಾಯಣಿ, ಆ ಹೊಸಾದು ತಗಸಿಬಿಡವ್ವ. ಮೈಕು ಒಂದೀಟು ಗರಗರ ಅಂದ್ರನ ಮದಿವಿ ಮನಿಗೆ ಕಳಿ" ಎಂದರು. ಬರುವ ಭಾನುವಾರ ಕುರುಗೋಡಿನಲ್ಲಿ ಗಾದಿಲಿಂಗಪ್ಪನವರ ಮಗಳ ಮದುವೆ. ಅಲ್ಲಿ ನನ್ನ ವಾದನವೂ ಇದೆ, ಅವರ ಮುಯ್ಯಿಯೂ ಇದೆ.

ನಾನು ಬೇಡಿದ್ದು ಕೈಗೆ ಬಂತು, ಆದರೆ ನನಗಾಗಿ ಬರಲಿಲ್ಲ. ಹೌದೆನ್ನಲು ಬಾಯಿ ತೆರೆದವಳು ಯೋಚಿಸಿದೆ. ಅವರಿಗೆ ಗಡಿಯಾರ ಮುಚ್ಚಿಡಲು ಗದ್ದಲ ಬೇಕು. ನನಗೆ ಕೆಳಗೆ ನಿಂತ ಸ್ವರ ಮುಚ್ಚಿಡಲು ಬೇಕಾಗಿದೆಯೇ? ಸ್ವಲ್ಪ ಬೇಕಾಗಿದೆ ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ. ಆದರೂ ಊರಮ್ಮ ಕೇಳಿದ ಕೂಗು ನನ್ನದೇ. ಅದನ್ನು ಮರಳಿ ಪಡೆಯುವ ದಿನವನ್ನು ಮುಯ್ಯಿಯ ಅನುಕೂಲ ನೋಡಿ ಗೊತ್ತುಮಾಡಲು ನನಗೆ ಇಷ್ಟವಿಲ್ಲ.

ಆದ್ದರಿಂದ ತಾವು ದಯವಿಟ್ಟು ಕುರುಗೋಡಿನ ಮದುವೆ ಮುಗಿಯುವವರೆಗೆ ಇದ್ದಲ್ಲೇ ಇದ್ದು, ಎಂದಿನ ಶಿಸ್ತಿನಿಂದಲೇ ನಡೆದುಕೊಳ್ಳಬೇಕು. ನನ್ನ ತಪ್ಪು ಸ್ವರಗಳಿಗೂ ರಿಯಾಯಿತಿ ಬೇಡ. ಅಷ್ಟರೊಳಗೆ ಕೈ ತಿದ್ದಿಕೊಳ್ಳಲು ದಿನವೂ ಕೂರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎರ್ರಿಸ್ವಾಮಿ ಬಂದು ತಮ್ಮನ್ನು ಗೌರವದಿಂದ ಬಿಡಿಸುತ್ತಾನೆ, ಹಾಗೆಯೇ ಮೈಕಿನ ತೂತನ್ನೂ ಮುಚ್ಚುತ್ತಾನೆ. ಆಮೇಲೆ ಆ ಪೆಟ್ಟಿಗೆಯಲ್ಲಿ ಗಿಟಾರು ಮಾತ್ರ.

ಭಾನುವಾರದ ಮಟ್ಟಿಗೆ ತಮ್ಮ ವಿಶ್ವಾಸಿ,
ದಾಕ್ಷಾಯಣಮ್ಮ

ಅಡಿಬರಹ: ಕೆಲಸ ಆಯಿತೇ ಎಂದು ಭಾವನವರು ನಿನ್ನೆ ಒಬ್ಬರ ಮೂಲಕ ಕೇಳಿಸಿದರು. ಎರ್ರಿಸ್ವಾಮಿಗೆ ಹೇಳಿದ್ದೇನೆ ಎಂದು ಹೇಳಿಕಳಿಸಿದೆ. ಯಾವ ದಿನಕ್ಕೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅವರು ನಿಶ್ಚಿಂತೆಯಿಂದ ಕುರುಗೋಡಿಗೆಂದು ಅಟ್ಟದ ಮೇಲಿಂದ ಒಂದು ಉಡುಗೊರೆ ಪೆಟ್ಟಿಗೆ ಇಳಿಸಿ ಧೂಳು ಒರೆಸುತ್ತಿದ್ದಾರಂತೆ. ಅದನ್ನು ಅವರಿಗೆ ಕೊಟ್ಟಿದ್ದವರು ಯಾರೆಂದು ಭಾನುವಾರ ಚಪ್ಪರದಲ್ಲಿ ಯಾರಾದರೂ ಎದ್ದು ಹೇಳಲಿ ಎಂದು ಕಾದಿದ್ದು, ಈ ಪತ್ರವನ್ನು ಮರುದಿನ, ೧೯೭೩ರ ಮೇ ೧೪ರ ಸೋಮವಾರ, ಅಂಚೆಗೆ ಹಾಕುತ್ತೇನೆ.