ಹಾಯಿದೋಣಿಗೊಂದು ಲ್ಯಾಪ್‌ಟಾಪು

ಮಳವಳ್ಳಿಯಲ್ಲಿ ಕೂತು ಸಮುದ್ರಕ್ಕೆ ಸಾಫ್ಟ್‌ವೇರ್ ಹುಡುಕುವವನ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ. ನಾನು ಮೂವತ್ತು ವರ್ಷ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು. ದಾರಿ, ಗಾಳಿ ಎಲ್ಲ ಮೇಲಿನವರ ತಲೆನೋವು. ನಿವೃತ್ತನಾದ ಮೇಲೆ ಕಾರವಾರದಲ್ಲಿ ಹಳೇ ಹಾಯಿದೋಣಿಯೊಂದನ್ನು ಕೊಂಡೆ. ಹೆಂಡತಿಯನ್ನು ಒಂದು ಸಲವಾದರೂ ಸಮುದ್ರಕ್ಕೆ ಕರೆದೊಯ್ಯಬೇಕು ಅನ್ನುವ ಆಸೆ. ಅವಳದು ಒಂದೇ ಷರತ್ತು: "ದಾರಿ, ಮಳೆ, ಗಾಳಿ ಸರಿಯಾಗಿ ಏಳೋ ಲ್ಯಾಪ್‌ಟಾಪ್ ತನ್ನಿ. ಆಮ್ಯಾಕೆ ದೋಣಿ ಅತ್ತೀನಿ."

೧. ದಾರಿ

ಮಂಡ್ಯದ ಕಂಪ್ಯೂಟರ್ ಅಂಗಡಿಯವನಿಗೆ, ದಾರಿ ತೋರಿಸೋ ಸಾಫ್ಟ್‌ವೇರ್ ಬೇಕು ಅಂದೆ.

"ಯಾವ ರೂಟಿಗೆ ಸಾ?"

"ಕಾರವಾರದಿಂದ ಮಂಗಳೂರಿಗೆ. ರಸ್ತೆಯಲ್ಲಲ್ಲ, ಸಮುದ್ರದ ಮೇಲೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರುಕದಿಂದ ಕೇಳಿದ: "ಟೋಲ್ ತಪ್ಪಿಸಕ್ಕೆ ಇಷ್ಟು ಕಷ್ಟ ಪಡಬೇಕಾ ಸಾ?"

೨. ಆಳ

ಅಂತೂ ಲ್ಯಾಪ್‌ಟಾಪಿಗೆ ಸಮುದ್ರದ ನಕಾಶೆ ಸಿಕ್ಕಿತು. ಅದರಲ್ಲಿ ಎಲ್ಲೆಲ್ಲಿ ನೀರು ಎಷ್ಟು ಆಳ ಅಂತ ಬರೆದಿರುತ್ತದೆ; ಆಳ ಕಡಿಮೆಯಾದರೆ ದೋಣಿಯ ತಳ ನೆಲಕ್ಕೆ ತಾಗುತ್ತದೆ. ಜಗಲಿಯ ಮೇಲೆ ಕೂತು ಬೆರಳಿಟ್ಟು ಓದುತ್ತಿದ್ದೆ: "ಇಲ್ಲಿ ಆಳ ಸಾಲ್ದು. ಇಲ್ಲೂ ಆಳ ಸಾಲ್ದು. ಥೂ, ಎಲ್ಲಿ ನೋಡಿದರೂ ಆಳ ಸಾಲ್ದು!"

ಮಾರನೇ ಬೆಳಗ್ಗೆ ಬಾಗಿಲಲ್ಲಿ ಸೀರೆ ಎತ್ತಿ ಕಟ್ಟಿದ ಮೂವರು ಹೆಂಗಸರು. ಹಿಂದೆ ಪಕ್ಕದ ಮನೆಯ ಗೌಡರು. "ಆಳು ಸಾಲ್ದು ಅಂತ ಗೋಳಾಡ್ತಿದ್ರಲ್ಲ, ನಮ್ ನಾಟಿ ಆಳ್ಗಳ್ನೇ ಕರ್ಕಬಂದಿವ್ನಿ."

"ಗದ್ದೆ ಎಲ್ಲೈತಣ್ಣ?" ಅಂದಳು ಒಬ್ಬಳು.

ನಾಚಿಕೆಯಿಂದ ಪರದೆ ತೋರಿಸಿದೆ. ಅವಳು ನೀಲಿ ಬಣ್ಣವನ್ನು ಚೆನ್ನಾಗಿ ನೋಡಿ ತಲೆಯಾಡಿಸಿದಳು. "ಇಷ್ಟು ನೀರಾಗೆ ನಾಟಿ ಆಗಕ್ಕಿಲ್ಲ ಬುಡಣ್ಣ."

೩. ಬಿಸಿಲು

ಹವಾಮಾನಕ್ಕೆ ಎರಡು ಸಾಫ್ಟ್‌ವೇರ್ ಹಾಕಿಸಿದ್ದೆ. ಪರೀಕ್ಷೆ ನಡೆಸಿದ್ದು ಹೆಂಡತಿ, ತಾರಸಿಯ ಮೇಲೆ, ಸಂಡಿಗೆ ಇಟ್ಟು. ಮೊದಲನೆಯದು ಬಿಸಿಲು ಅಂದಿತು. ಮಳೆ ಹೊಯ್ದು ಸಂಡಿಗೆ ಮತ್ತೆ ಗಂಜಿಯಾಯಿತು. ಎರಡನೆಯದು ಮಳೆ ಅಂದಿತು. ಇವಳು ಹಿಟ್ಟು ಕಲಸದೆ ಕೂತಳು, ಸಂಜೆವರೆಗೂ ಸುಡುಬಿಸಿಲು.

"ಯಾವುದನ್ನ ಇಟ್ಟುಕೊಳ್ಳಲಿ?" ಅಂದೆ ಅಳುಮುಖದಲ್ಲಿ.

"ಎರಡ್ನೇದು. ಅದಾದ್ರೆ ಮನೆ ಬುಟ್ಟು ಓಗಕ್ಕೇ ಬುಡಕ್ಕಿಲ್ಲ."

೪. ಗಾಳಿ

ಆದರೆ ಆ ಎರಡನೆಯದೇ ಆಮೇಲೆ ಎಂಟು ದಿನ ತಪ್ಪದೆ ಸರಿ ಹೇಳಿತು. ಅವಳೂ ಮಾತಿಗೆ ತಪ್ಪಲಿಲ್ಲ. ಕಾರವಾರಕ್ಕೆ ಬಂದು, ದೇವರಿಗೆ ಕೈಮುಗಿದು ದೋಣಿ ಹತ್ತಿದಳು. ನನಗೆ ಕಣ್ಣು ತುಂಬಿ ಬಂತು.

ದಡ ಬಿಟ್ಟು ಸ್ವಲ್ಪ ದೂರ ಹೋದೆವು. ಹಾಯಿ ಸುಮ್ಮನೆ ಪಟಪಟ ಬಡಿದುಕೊಳ್ಳತೊಡಗಿತು, ದೋಣಿ ಮುಂದಕ್ಕೆ ಹೋಗಲೊಲ್ಲದು. ಪಡುವಣ ಗಾಳಿ ಅಂತ ಲ್ಯಾಪ್‌ಟಾಪ್ ಹೇಳುತ್ತಿತ್ತು, ಹಾಯಿಯನ್ನೂ ಅದಕ್ಕೆ ತಕ್ಕಂತೆಯೇ ಕಟ್ಟಿದ್ದೆ. ನಾನು ಅದರಲ್ಲೇ ತಲೆ ತೂರಿಸಿ ಕೂತೆ. ಅವಳ ಸೆರಗು ಬೇರೆ ಪದೇ ಪದೇ ಪರದೆಗೆ ಅಡ್ಡ ಬಂದು ಬಡಿಯುತ್ತಿತ್ತು.

"ಸೆರಗು ತೆಗಿಯೇ, ಗಾಳಿ ಯಾವ ಕಡೆಯಿಂದ ಅಂತ ನೋಡಬೇಕು!" ಅಂತ ರೇಗಿದೆ.

"ಸೆರಗೇ ಏಳ್ತಾ ಐತಲ್ರೀ!"

ಅದು ಹಾರಿದ ದಿಕ್ಕು ನೋಡಿ ಹಾಯಿ ತಿರುಗಿಸಿದೆ. ಹಾಯಿ ತುಂಬಿತು, ದೋಣಿ ಹೊರಟಿತು. ಹಿಗ್ಗಿನಲ್ಲಿ, ಎಷ್ಟು ವೇಗ ಅಂತ ನೋಡಲು ಮತ್ತೆ ಲ್ಯಾಪ್‌ಟಾಪಿಗೆ ಕೈ ಹಾಕಿದೆ. ಅವಳು ಅದನ್ನು ಪಟ್ಟನೆ ಮುಚ್ಚಿ ಅದರ ಮೇಲೇ ಕೂತಳು.

"ಮದ್ವೆಯಾದಾಗಿಂದ ನನ್ ಸೆರಗು ನೋಡಕ್ಕೆ ಪುರ್ಸೊತ್ತಿರ್ನಿಲ್ಲ ನಿಮ್ಗೆ. ಈಗ ನೋಡದೆ ಓದ್ರೆ ಮುಳುಗೋಯ್ತೀರಿ, ನೋಡಿ!"