ನಿಂಗಾಜಮ್ಮನ ಬಾತುವಿಜಯ

ಮಣಿ ತಗಡಿನ ಡಬ್ಬಗಳಿಗೆ ಬೆಣಚುಕಲ್ಲು ತುಂಬಿ, ಒಂದೊಂದನ್ನೇ ಹಗ್ಗಕ್ಕೆ ಕಟ್ಟುತ್ತಿದ್ದಳು.

ಎಲೈ ಕಾಲಪುರುಷನೇ! ಮುಂಗಾರಿನ ನೀರು ಕೆರೆಕೋಡಿಯನ್ನು ಮುಟ್ಟಿದ ಆ ಪುಣ್ಯಪಕ್ಷದಲ್ಲಿ, ತಾಂಬೂಲರಂಜಿತವದನೆಯೂ ಪೊರಕೆಪ್ರಹಾರಪ್ರವೀಣೆಯೂ ಏಳುಬೀದಿಕಂಪನಕಾರಿಣಿಯೂ ಆದ ಅವಳ ಅತ್ತೆ ನಿಂಗಾಜಮ್ಮನು, ಎರಡು ಚಾಪೆಯಗಲದ ಭತ್ತದ ಸಸಿಮಡಿಯನ್ನು ಕಾಯಲು ಸೊಂಟ ಕಟ್ಟಿ ನಿಂತ ಪರಿಯನ್ನು ಕೇಳುವಂಥವನಾಗು! ಮನೆಯ ಬಿತ್ತನೆಭತ್ತವೆಲ್ಲ ಆ ಮಡಿಯಲ್ಲೇ ಮೊಳೆಯುತ್ತಿತ್ತು.

ಶತ್ರುವಾದರೋ ಸಿಳ್ಳೆಬಾತು. ನೀಳಗೊರಳಿನ, ಕಂದುಗವಚದ, ಹಾರುವಾಗ ತನ್ನ ಕಹಳೆಯನ್ನು ತಾನೇ ಊದಿಕೊಳ್ಳುವ ಆ ಜೋಡಿ, ಹೊತ್ತು ಮುಳುಗುತ್ತಲೇ ಮೊಳಕೆಗೆ ದಾಳಿಯಿಡುತ್ತಿತ್ತು.

ಕೆರೆಯ ಕಡೆಗೆ ಡಬ್ಬಗಳ ವ್ಯೂಹ ರಚಿಸಿ, ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ತನ್ನ ಓರಗಿತ್ತಿ ಬೋರಮ್ಮನಿಗೆ ಕೇಳಲೆಂದೇ ನಿಂಗಾಜಮ್ಮ ಗರ್ಜಿಸಿದಳು: "ಒಂದ್ ಮೊಳಕೆ ಮುಟ್ಲಿ ನೋಡಾನ! ಪೈರು ಸಾಲ್ದು ಅಂತ ಆ ಬೋರಿ ಮುಂದೆ ಸೆರಗೊಡ್ಡೋದಾ? ಅದ್ಕಿಂತ ಗದ್ದೆ ಬೀಳು ಬುಟ್ಟೇನು!"

"ಅತ್ತೆ," ಮಣಿ ಮೆಲ್ಲಗೆ ಬಾಯಿಬಿಟ್ಟಳು, "ಅವು ಕೆರೆ ಕಡೆಯಿಂದ ಬರಾಕಿಲ್ಲ. ಹಿಂದ್ಗಡೆ ಹಿಪ್ಪೆಮರದ ಪೊಟರೇಲಿ ಗೂಡು ಮಾಡ್ಕಂಡವೆ."

"ಬಾತು ಎಲ್ಲಾದ್ರೂ ಮರ ಹತ್ತುತ್ತದಾ? ನಿಮ್ಮೂರಲ್ಲಿ ಎಮ್ಮೆನೂ ಹತ್ತುತ್ತದೇನೋ! ಹಗ್ಗ ಹಿಡ್ಕಂಡ್ ನಿಂತ್ಕೊ. ನಾನು ಗೆದ್ದೆ ಅನ್ನೋಗಂಟ ಬಾಯ್ ಬುಟ್ಟೀಯ, ಜೋಕೆ!"

ಸೂರ್ಯ ಕೆಂಪಾದ. ನಿಂಗಾಜಮ್ಮನ ಬೆನ್ನ ಹಿಂದೆ, ಹಿಪ್ಪೆಮರದಿಂದ, ಸಿಳ್ಳೆ ಮೊಳಗಿತು. ಎರಡು ಬಾತುಗಳು ಮಡಿಯ ನಟ್ಟನಡುವೆ ಇಳಿದು ಊಟಕ್ಕೆ ಕುಳಿತವು.

ಆಗ ಆ ವೀರಾಗ್ರಣಿಯು ಸೀರೆ ಎತ್ತಿಕಟ್ಟಿ, ದೊಣ್ಣೆ ಝಳಪಿಸಿ, ಭೂಮಿ ಬಿರಿಯುವಂತೆ ಅಬ್ಬರಿಸಿ ಮಡಿಯೊಳಗೇ ನುಗ್ಗಿದಳು. ಪೂರ್ವಕ್ಕೆ ಅಟ್ಟಿದಳು, ಪಶ್ಚಿಮಕ್ಕೆ ಅಟ್ಟಿದಳು, ಜಾರಿ ಬಿದ್ದಳು, ಎದ್ದು ಮತ್ತೆ ಅಟ್ಟಿದಳು. ಬಾತುಗಳು ಬೇಜಾರಾಗಿ ಎದ್ದು, ಸಿಳ್ಳೆ ಹಾಕುತ್ತ ಮರದ ಕೊಂಬೆಯ ಮೇಲೆ ಕುಳಿತು ಯುದ್ಧ ನೋಡಿದವು.

ಅವು ತಿಂದದ್ದು ಒಂದು ಹಿಡಿ. ಉಳಿದ ಮೊಳಕೆಯೆಲ್ಲ ಆ ವೀರಪಾದಗಳಡಿ ಕೆಸರು ಸೇರಿತ್ತು.

ಬದುವಿನಲ್ಲಿ ಬೋರಮ್ಮನ ಕುಡುಗೋಲು ನಿಂತಿತು. ಗೆದ್ದೆ ಎಂದು ಇನ್ನೂ ಯಾರೂ ಹೇಳಿರಲಿಲ್ಲ. ಮಣಿ ಹಗ್ಗ ಹಿಡಿದೇ ನಿಂತಿದ್ದಳು.

ಮೊಣಕಾಲುದ್ದ ಕೆಸರಿನಿಂದ ಸಣ್ಣದೊಂದು ದನಿ ಬಂತು:

"ಮಣಿ, ನೀನೇ ಹೋಗಿ ಬೋರಮ್ಮನ್ನ ನಾಕು ಕಟ್ಟು ಪೈರು ಕೇಳ್ಕಂಡು ಬಾರವ್ವ."